ಬಸವ ಜಯಂತಿ ತನಕ ಏನೂ ಬೇಡ

ಐದನೇ ನಂಬರ್ ರೂಮಿಗೆ ಒಂಬತ್ತು ದಿನದಿಂದ ಒಂದೂ ಪಾರ್ಸೆಲ್ ಬಂದಿರಲಿಲ್ಲ. ಹತ್ತನೆಯ ದಿನ ಮಹಾದೇವಿ ಮೊದಲ ಶಿಫ್ಟು ಮುಗಿಸಿಕೊಂಡು ವಠಾರದ ಗೇಟು ದಾಟುತ್ತಿದ್ದಂತೆ ಅಶ್ವತ್ಥಮ್ಮ ಕುರ್ಚಿ ಬಿಟ್ಟು ಎದ್ದೇಬಿಟ್ಟರು.

"ಏನಮ್ಮಿ ಮಾದೇವಿ, ಉಸಾರಾಗಿದ್ದೀಯಾ? ಮೈಗೇನಾರಾ ಆಗೈತಾ?"

"ಅರಾಮ ಅದೀನ್ರಿ ಅಮ್ಮಾರ."

"ಮತ್ಯಾಕೆ ಒಂದೂ ಪಾರ್ಸಲ್ ಬಂದಿಲ್ಲ? ಮೂರನೇ ನಂಬರಿಗೆ ಎಲ್ಡು ಬಂತು, ಏಳನೇ ನಂಬರಿಗೆ ಒಂದು ಬಂತು. ನಿಂದೊಂದೂ ಇಲ್ಲ. ರೂಮ್ ಗೀಮ್ ಖಾಲಿ ಮಾಡೋ ಯೋಚ್ನೆ ಐತಾ? ಇದ್ರೆ ಈಗ್ಲೇ ಯೋಳ್ಬುಡು."

ಮಹಾದೇವಿಗೆ ನಗು ಬಂತು. "ಇಲ್ರಿ, ಬಿಟ್ಟೀನಿ."

"ಏನ್ ಬುಟ್ಟೆ?"

"ಕೊಳ್ಳೂದು ಬಿಟ್ಟೀನಿ. ಜ್ವಾಳ, ಅಕ್ಕಿ, ಬ್ಯಾಳಿ, ಕಾಯಿಪಲ್ಯ, ಎಣ್ಣಿ, ಸಾಬಾಣ ಇಷ್ಟು. ಬ್ಯಾರೆ ಏನೂ ಬಸವ ಜಯಂತಿ ತನಕ ಕೊಳ್ಳಂಗಿಲ್ಲ ಅಂತ ಶಿವರಾತ್ರಿ ದಿನ ಹರಕಿ ಹೊತ್ತೀನಿ."

ಅಶ್ವತ್ಥಮ್ಮ ಗಲ್ಲಕ್ಕೆ ಕೈಯಿಟ್ಟು ನಿಂತರು. "ಉಪವಾಸ ಕೇಳಿವ್ನಿ, ಉರುಳುಸೇವೆ ಕೇಳಿವ್ನಿ. ಇದ್ಯಾವ್ ಅರಕೇನೋ ಕಾಣೆ ತಾಯಿ!"

ಅವರು ಬೆರಗಾದದ್ದರಲ್ಲಿ ತಪ್ಪೇನೂ ಇಲ್ಲ. ಬೊಮ್ಮಸಂದ್ರದ ಆ ಎಂಟು ರೂಮಿನ ವಠಾರ ಎದ್ದಿರುವುದು ಅಶ್ವತ್ಥಮ್ಮನವರ ರಾಗಿ ಹೊಲದ ಮೇಲೆ. ಬಾಡಿಗೆಗಿರುವವರೆಲ್ಲ ಫ್ಯಾಕ್ಟರಿ ಜನ, ಬಹುಪಾಲು ಬಾಗಲಕೋಟೆ, ಕೊಪ್ಪಳದ ಕಡೆಯವರು. ಕೆಲಸದಲ್ಲಿರುವಾಗ ಅವರ ಫೋನು ಕಂಪನಿಯ ಲಾಕರಿನಲ್ಲಿರುತ್ತದೆ, ಬಾಗಿಲಿಗೆ ಬೀಗ ಬಿದ್ದಿರುತ್ತದೆ. ಹಾಗಾಗಿ ಯಾರು ಏನು ತರಿಸಿದರೂ ಕೊಡುವುದು ಅಶ್ವತ್ಥಮ್ಮನ ಫೋನ್ ನಂಬರು, ಪಾರ್ಸೆಲ್ ಇಳಿಯುವುದು ಅಶ್ವತ್ಥಮ್ಮನ ತೊಡೆಯ ಮೇಲೆ. ಹೊಲ ಹೋದ ಮೇಲೆ ಆ ಜೀವಕ್ಕೆ ಸಿಕ್ಕಿದ ಹೊಸ ಬೇಸಾಯ ಅದು. ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೇನಿದೆ ಎಂದು ಊಹಿಸುವುದು, ಸಂಜೆ ಒಡತಿ ಬಂದಾಗ ಎದುರಿಗೇ ಬಿಚ್ಚಿಸಿ ನೋಡುವುದು. ಐದನೇ ನಂಬರಿನದೇ ವಾರಕ್ಕೆ ಮೂರು ನಾಲ್ಕು ಇರುತ್ತಿದ್ದವು.

ಮಹಾದೇವಿಯನ್ನು ದೂರಬೇಕೆಂದಲ್ಲ, ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ. ಎಂಟು ಹೆಜ್ಜೆ ನಡೆದರೆ ಮುಗಿದು ಹೋಗುವ ರೂಮಿಗೆ ಅವಳು ತಿರುಗುವ ಬಕೆಟ್ಟಿನ ಮಾಪು ತರಿಸಿದ್ದಳು. ಇರುವವರಿಬ್ಬರೇ, ಆರು ಜನರ ಐಸ್‌ಕ್ರೀಮ್ ಬಟ್ಟಲು ತರಿಸಿದ್ದಳು. ಆ ಮನೆಯಲ್ಲಿ ಫ್ರಿಜ್ಜೇ ಇಲ್ಲ! ಕೂದಲು ಸುರುಳಿ ಮಾಡುವ ಯಂತ್ರವೊಂದು ಅಟ್ಟದ ಮೇಲಿತ್ತು. ಮಾತ್ರೆ ಪ್ಯಾಕಿಂಗ್ ಮಾಡುವ ಕಂಪನಿಯಲ್ಲಿ ಎಂಟು ಗಂಟೆ ತಲೆಗೆ ಟೋಪಿ ಹಾಕಿಕೊಂಡು ನಿಲ್ಲುವವಳಿಗೆ ಸುರುಳಿ ಕೂದಲು ಯಾರಿಗೆ ತೋರಿಸಲು ಎಂದು ಗಂಡ ಪರಮಾನಂದ ಕೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದಳು.

ಅಂಥವಳು ಹರಕೆ ಹೊತ್ತಾಗ ಪರಮಾನಂದನ ಮುಖ ಅರಳಿದ್ದನ್ನು ನೋಡಬೇಕಿತ್ತು. ಅವನು ವೆಲ್ಡಿಂಗ್ ಶಾಪಿನ ಕೆಲಸಗಾರ, ಹೆಚ್ಚು ಮಾತಿನವನಲ್ಲ. ಎರಡು ದಿನ ಅನುಮಾನದಿಂದ ನೋಡಿದ. ಮೂರನೆಯ ದಿನ, "ಹಿಂಗ ನಡದ್ರ ದೀಪಾವಳಿಗಿ ಒಂದು ಬೈಕ್ ತಗೋಬಹುದು ನೋಡು," ಎಂದ. ಕೊಳ್ಳುವುದನ್ನು ಬಿಟ್ಟವಳ ಎದುರು ಕೂತು ಕೊಳ್ಳುವ ಮಾತಾಡುತ್ತಾನಲ್ಲ ಎಂದು ಮಹಾದೇವಿ ಬಾಯಿಗೆ ಸೆರಗು ಹಿಡಿದು ನಕ್ಕಳು. ದುಡ್ಡಿಗೋಸ್ಕರ ಅಲ್ಲ ಎಂದು ಹೇಳಲು ಹೋಗಲಿಲ್ಲ. ಯಾಕೆಂದರೆ ನಿಜ ಹೇಳಲು ಹೊರಟರೆ ಅಳು ಮೊದಲು ಬರುತ್ತಿತ್ತು.

ಅವರಿಗೆ ಒಬ್ಬಳು ಮಗಳು, ನೀಲಾಂಬಿಕಾ. ಆರು ತುಂಬಿದೆ. ಗಂಡ ಹೆಂಡತಿ ಇಬ್ಬರದೂ ಶಿಫ್ಟು ಎಂದು ಎರಡು ವರ್ಷದವಳಿದ್ದಾಗಲೇ ಊರಿನಲ್ಲಿ, ಹುನಗುಂದದ ಹತ್ತಿರದ ಹಳ್ಳಿಯಲ್ಲಿ, ಅತ್ತೆ ಬಸಕ್ಕನ ಹತ್ತಿರ ಬಿಟ್ಟಿದ್ದರು. ವರ್ಷಕ್ಕೆ ಮೂರು ಸಲ ಮಹಾದೇವಿ ಊರಿಗೆ ಹೋಗುತ್ತಿದ್ದಳು. ಹೋಗುವಾಗ ಎರಡೂ ಕೈಗೆ ಎರಡು ಚೀಲ, ಬೆನ್ನಿಗೆ ಒಂದು. ಫ್ರಾಕು, ಬೂಟು, ಕ್ಲಿಪ್ಪು, ಗೊಂಬೆ, ಮೆತ್ತನೆಯ ಕರಡಿ. ಫ್ರಾಕು ಪ್ರತಿ ಸಲವೂ ಒಂದು ಗೇಣು ಗಿಡ್ಡವಾಗುತ್ತಿತ್ತು. ಮಹಾದೇವಿಯ ಮನಸ್ಸಿನಲ್ಲಿ ಮಗಳು ಹೋದ ಸಲ ಬಿಟ್ಟುಬಂದಷ್ಟೇ ಎತ್ತರವಿರುತ್ತಿದ್ದಳು, ಊರಿನಲ್ಲಿ ಮಾತ್ರ ಬೆಳೆದಿರುತ್ತಿದ್ದಳು.

ಈ ಸಂಕ್ರಾಂತಿಗೆ ಹೋದಾಗ ನೀಲಾ ಓಡಿ ಬಂದಳು. ಬಂದು ಚೀಲ ಹಿಡಿದಳು. ಮೂರೂ ಚೀಲ ನೆಲಕ್ಕೆ ಸುರುವಿ, ಒಂದೊಂದನ್ನೇ ಎತ್ತಿ ನೋಡಿ, ಕೊನೆಗೆ ಚೀಲ ತಲೆಕೆಳಗು ಮಾಡಿ ಒದರಿದಳು. ಆಮೇಲೆ ಅವ್ವನ ಮುಖ ನೋಡಿ ಕೇಳಿದಳು, "ಯವ್ವಾ, ಮತ್ತ ಯಾವಾಗ ಹೋಗ್ತಿ?"

ಮಹಾದೇವಿಗೆ ಸಂತೋಷವೇ ಆಯಿತು. ನಾನು ಹೋಗುವುದು ಕೂಸಿಗೆ ಬೇಡವಾಗಿದೆ ಎಂದುಕೊಂಡಳು, ಹುಚ್ಚಿ. ತೊಡೆಯ ಮೇಲೆ ಎಳೆದುಕೊಂಡು, "ಯಾಕ ನನ್ನ ಬಂಗಾರ, ಹೋಗಬ್ಯಾಡೇನು?" ಎಂದಳು.

"ಹೋದ್ರ ಅಲ್ಲಾ ಮತ್ತ ತರಾಕಿ?"

ಅಷ್ಟು ಹೇಳಿ ಮಗು ಕರಡಿಯನ್ನು ಎತ್ತಿಕೊಂಡು ಅಂಗಳಕ್ಕೆ ಹೋಯಿತು. ಮಹಾದೇವಿ ಹರಡಿ ಬಿದ್ದ ಸಾಮಾನಿನ ನಡುವೆ ಕೂತೇ ಇದ್ದಳು. ಆ ಮಾತು ಅವಳ ಎದೆಗೆ ನಾಟಿಕೊಂಡದ್ದು ಕೀಳಲು ಬರಲಿಲ್ಲ. ನನ್ನ ಮಗಳು ನನ್ನ ಹತ್ತಿರ ಬರುವುದಿಲ್ಲ, ಚೀಲದ ಹತ್ತಿರ ಬರುತ್ತಾಳೆ. ಚೀಲವಿಲ್ಲದೆ ಹೋದರೆ ಬರುತ್ತಾಳೋ ಇಲ್ಲವೋ? ಅದನ್ನು ತಿಳಿಯಲೇಬೇಕೆಂದು, ಮತ್ತು ತಿಳಿಯಲು ಹೆದರಿ, ಹೆಚ್ಚುಕಮ್ಮಿ ಎರಡು ತಿಂಗಳು ಒದ್ದಾಡಿದಳು. ಏಪ್ರಿಲ್ ರಜೆಗೆ ಅತ್ತೆ, ಮಗಳು ಬೊಮ್ಮಸಂದ್ರಕ್ಕೆ ಬರುವುದೆಂದು ಗೊತ್ತಾಗಿತ್ತು. ಅದಕ್ಕೇ ಶಿವರಾತ್ರಿಯ ದಿನ ವಿಭೂತಿ ಹಚ್ಚಿಕೊಂಡು, ತನ್ನ ಕೈಯನ್ನು ತಾನೇ ಕಟ್ಟಿಕೊಂಡಳು. ಹರಕೆ ಅಂತ ಇಲ್ಲದಿದ್ದರೆ ಮಗಳು ಬರುವ ಹಿಂದಿನ ದಿನವೇ ಅಂಗಡಿ ಹೊತ್ತು ತರುತ್ತೇನೆಂದು ಅವಳಿಗೆ ತನ್ನ ವಿಷಯ ಚೆನ್ನಾಗಿ ಗೊತ್ತಿತ್ತು.

ಬಿಡುವುದೆಂದರೆ ಸುಮ್ಮನೆಯೇ? ಫೋನಿನಿಂದ ಅಂಗಡಿಗಳನ್ನೆಲ್ಲ ತೆಗೆದುಹಾಕಿದಳು, ಹೆಬ್ಬೆರಳು ಮಾತ್ರ ಅವು ಇದ್ದ ಜಾಗಕ್ಕೇ ಹೋಗಿ ಹೋಗಿ ನಿಲ್ಲುತ್ತಿತ್ತು. ಕಂಪನಿ ಬಸ್ಸಿನಲ್ಲಿ ಪಕ್ಕದ ಸೀಟಿನ ಆನೇಕಲ್ಲಿನ ಮಾರಕ್ಕ, "ನೋಡೇ, ಐದು ನೈಟಿ ಎಷ್ಟ್ ಕಮ್ಮಿಗೆ ಬಿಟ್ಟವ್ರೆ," ಎಂದು ಫೋನು ಮೂಗಿಗೇ ಹಿಡಿದರೆ ಮಹಾದೇವಿ ಕಿಟಕಿಯಾಚೆ ನೋಡುತ್ತಿದ್ದಳು. "ಮೇಡಮ್ಮೋರು ಸನ್ಯಾಸಿ ಆಗೋದ್ರು ಕಣ್ರಪ್ಪೋ," ಎಂದು ಮಾರಕ್ಕ ಬಸ್ಸಿಗೆಲ್ಲ ಸಾರಿದಳು. ಸಂಬಳದ ದಿನವಂತೂ ಕೇಳಲೇಬೇಡಿ. ಏಳನೇ ತಾರೀಕು ಕಂಪನಿ ಗೇಟಿನ ಮುಂದೆ ತಳ್ಳುಗಾಡಿಗಳ ಸಂತೆಯೇ ನೆರೆಯುತ್ತದೆ. ಹಗ್ಗಕ್ಕೆ ತೂಗುಬಿದ್ದ ಚೂಡಿದಾರ, ಪ್ಲಾಸ್ಟಿಕ್ ಡಬ್ಬಿ, ಬಳೆ, ಟೆಂಪೋದಲ್ಲಿ ಮೈಕು ಹಿಡಿದು ಕೂಗುವ ಬೆಡ್‌ಶೀಟಿನವನು. ಅವಳು ತನ್ನ ಚಪ್ಪಲಿಯನ್ನೇ ನೋಡುತ್ತ ನಡೆದಳು. ಆದರೂ ಹಳದಿ ಫ್ರಾಕೊಂದು ಕಣ್ಣಿಗೆ ಬಿತ್ತು, ಜೇಬಿನ ಮೇಲೆ ಮೊಲವಿತ್ತು. ಬಸ್ಸು ಹತ್ತಿ ಕೂತ ಮೇಲೆ ಸ್ವಲ್ಪ ಅತ್ತಳು. ಯಾಕಮ್ಮ ಎಂದು ಮಾರಕ್ಕ ಕೇಳಿದ್ದಕ್ಕೆ ಕಣ್ಣಿಗೆ ಧೂಳು ಎಂದಳು.

ಅಶ್ವತ್ಥಮ್ಮನ ಜೊತೆ ಹೂವಿನ ವಿಷಯಕ್ಕೂ ಒಂದು ಜಗಳವಾಯಿತು.

"ಊವೂ ಬ್ಯಾಡ್ವಾ? ಮುತ್ತೈದೆ ಕಣಮ್ಮಿ ನೀನು!"

"ಹೂವು ಉಣ್ಣಾಕ ಬರತೈತೇನ್ರಿ? ಬ್ಯಾಡ ಅಂದ್ರ ಬ್ಯಾಡ."

"ಅದ್ಯಾವ್ ಸೀಮೆ ಅಟಮಾರಿನೋ!" ಎಂದು ಬೈದುಕೊಂಡು ಹೋದ ಮುದುಕಿ ಮಾರನೆಯ ದಿನ ತಮ್ಮ ಕುಂಡದ ಮಲ್ಲಿಗೆಯನ್ನೇ ಬಿಡಿಸಿ, ಕಟ್ಟಿ, ಅವಳ ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಹೋಗಿದ್ದರು.

ಏಪ್ರಿಲ್ ಮಧ್ಯದಲ್ಲಿ ಒಂದು ಬೆಳಿಗ್ಗೆ ಪರಮಾನಂದ ಮೆಜೆಸ್ಟಿಕ್ಕಿಗೆ ಹೋಗಿ ತಾಯಿಯನ್ನೂ ಮಗಳನ್ನೂ ಕರೆತಂದ. ಮಹಾದೇವಿಗೆ ರಜೆ ಸಿಕ್ಕಿರಲಿಲ್ಲ. ಮಧ್ಯಾಹ್ನ ಬಸ್ಸಿಳಿದವಳು ಓಡುತ್ತಲೇ ಬಂದಳು. ಅಷ್ಟರಲ್ಲಿ ನೀಲಾ ಮಂಚದ ಕೆಳಗೆ, ಅಟ್ಟದ ಮೇಲೆ, ಬಾಗಿಲ ಹಿಂದೆ ಎಲ್ಲ ಹುಡುಕಿ ಮುಗಿಸಿದ್ದಳು. ಹೊಸಿಲಲ್ಲಿ ನಿಂತ ಅವ್ವನ ಮುಖ ನೋಡುವ ಮೊದಲು ಕೈ ನೋಡಿದಳು.

"ಚೀಲ ಎಲ್ಲೈತಿ?"

"ಚೀಲ ಇಲ್ಲವ್ವ."

"ಅಂದ್ರ?"

"ಈ ಸಲ ಏನೂ ತಂದಿಲ್ಲ. ನಾನಽ ಬಂದೀನಿ ನೋಡು."

ತಪ್ಪು ಮನೆಗೆ ಕರೆತಂದಿದ್ದೀಯೇನು ಎನ್ನುವಂತೆ ಮಗು ಅಜ್ಜಿಯ ಕಡೆ ತಿರುಗಿತು. ಆಮೇಲೆ ಬಸಕ್ಕನ ಸೀರೆಯ ಹಿಂದೆ ಸರಿದು ನಿಂತಿತು. ಮಹಾದೇವಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಮುಖ ತೊಳೆಯುವ ನೆವದಲ್ಲಿ ಬಚ್ಚಲಿಗೆ ಹೋದಳು.

ಆಮೇಲಿನ ವಾರ ಅವಳಿಗೆ ಬಲು ಕಷ್ಟದ ವಾರ. ತಲೆ ಬಾಚುತ್ತೇನೆ ಬಾ ಎಂದರೆ ಆಯಿ, ಅಂದರೆ ಅಜ್ಜಿ, ಬಾಚುತ್ತಾಳೆ. ತುತ್ತು ಕೊಟ್ಟರೆ ಆಯಿಯ ಕೈಯ ತುತ್ತೇ ಬೇಕು. ಕತೆ ಶುರು ಮಾಡಿದರೆ, "ಹಂಗಲ್ಲ, ಆಯಿ ಛಲೋ ಹೇಳ್ತಾಳ." ಮಲಗಲೂ ಅಜ್ಜಿಯ ಮಗ್ಗುಲೇ. ಬಸಕ್ಕ, "ಹೋಗವ್ವ, ಅವ್ವನ ಹತ್ರ ಹೋಗು," ಎಂದು ತಳ್ಳಿದಷ್ಟೂ ಅದು ಅಂಟಿಕೊಳ್ಳುತ್ತಿತ್ತು. ಅತ್ತೆಯೇ ಮಗಳನ್ನು ಕಸಿದುಕೊಂಡಳೇ ಎಂಬ ಕೆಟ್ಟ ಯೋಚನೆ ಮಹಾದೇವಿಯ ತಲೆಯಲ್ಲಿ ಹೊಕ್ಕು ಹೋಯಿತು. ಹೊಕ್ಕಿದ್ದಕ್ಕೆ ತನಗೇ ನಾಚಿಕೆಯಾಯಿತು.

ಪರಮಾನಂದ ಒಂದು ದಿನ ರೇಗಿದ. "ಒಂದು ಗೊಂಬಿ ತಂದು ಕೊಟ್ರ ಮುಗೀತು. ಹರಕಿ ಹರಕಿ ಅಂತ ಕೂಸಿನ ಮಾರಿ ಬಾಡಸ್ತಿಯಲ್ಲ, ಯಾವ ದೇವ್ರು ಮೆಚ್ಚತಾನ ಇದನ್ನ?"

ಆಗ ಹೇಳಿದಳು, ಸಂಕ್ರಾಂತಿಯ ಮಾತನ್ನು. ಹೇಳಿ, "ಗೊಂಬಿ ತಂದ್ರ ಗೊಂಬಿ ಹತ್ರ ಬರ್ತಾಳ್ರಿ. ನನ್ನ ಹತ್ರ ಬರಬೇಕು. ಒಂದಽ ಒಂದು ಸಲ ನನ್ನ ಹತ್ರ ಬರಬೇಕು," ಎಂದಳು. ಪರಮಾನಂದ ಎದ್ದು ಹೋಗಿ ಇಬ್ಬರಿಗೂ ಚಹಾ ಮಾಡಿ ತಂದ. ಅವನು ಚಹಾ ಮಾಡಿದ್ದು ಮದುವೆಯಾದ ಮೇಲೆ ಅದೇ ಮೊದಲು, ಸಕ್ಕರೆ ಹಾಕುವುದನ್ನೇ ಮರೆತಿದ್ದ.

ಈ ನಡುವೆ ಗೇಟಿನಲ್ಲಿ ಕೂತ ಅಶ್ವತ್ಥಮ್ಮನಿಗೆ ಮಗುವಿನ ಜೋಲು ಮುಖ ನೋಡಲಾಗಲಿಲ್ಲ. ಸೊಸೆ ವನಜಾಳ ಫೋನಿನಲ್ಲಿ ಗುಟ್ಟಾಗಿ ಅಡುಗೆ ಆಟದ ಸಾಮಾನು ತರಿಸಿದರು. ಪುಟ್ಟ ಒಲೆ, ಪುಟ್ಟ ಕುಕ್ಕರು, ನಾಲ್ಕು ತಟ್ಟೆ, ಲಟ್ಟಣಿಗೆ. ಪಾರ್ಸೆಲ್ ಬಂದಾಗ ನೀಲಾಳನ್ನು ಕರೆದು ಅದನ್ನು ಅವಳ ಕೈಗಿಟ್ಟು ಹೇಳಿದರು, "ತಗಾ, ನಿಮ್ಮಮ್ಮ ತರ್ಸವ್ಳೆ."

ಮಹಾದೇವಿ ಶಿಫ್ಟು ಮುಗಿಸಿ ಬಂದು ಹೊಸಿಲ ಮೇಲೆ ಕೂತು ಚಪ್ಪಲಿ ಬಿಡುತ್ತಿದ್ದಳು. "ಯವ್ವಾ!" ಎಂಬ ಕೂಗು ಕೇಳಿತು. ತಿರುಗುವಷ್ಟರಲ್ಲಿ ಎರಡು ಪುಟ್ಟ ಕೈ ಅವಳ ಕೊರಳಿಗೆ ಬಿದ್ದವು. ಬೆವರು, ಕೊಬ್ಬರಿ ಎಣ್ಣೆ, ಮಗುವಿನ ಬಿಸಿ ಕೆನ್ನೆ. ನಾಲ್ಕು ವರ್ಷದಿಂದ ಕನಸಿನಲ್ಲಿ ಕಂಡದ್ದೆಲ್ಲ ಒಟ್ಟಿಗೇ ಬಂದು ಮೈಮೇಲೆ ಬಿದ್ದಿತ್ತು.

"ನೀ ತರಸೀ ಅಂತಲ್ಲ! ಕುಕ್ಕರ್ ಐತಿ! ಸೀಟಿ ಸೈತ ಐತಿ!"

ಮಹಾದೇವಿ ನೋಡಿದಳು. ಗೇಟಿನ ಕುರ್ಚಿಯಲ್ಲಿ ಅಶ್ವತ್ಥಮ್ಮ ಹಲ್ಲಿಲ್ಲದ ಬಾಯಗಲಿಸಿ ನಗುತ್ತ, ಸುಮ್ಮನಿರು ಎಂದು ಕಣ್ಣು ಮಿಟುಕಿಸಿದರು. ಅವಳಿಗೆ ಎಲ್ಲ ಅರ್ಥವಾಯಿತು. ಆದರೂ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿದ್ದಳು, ಪಾಪ. ಅಷ್ಟಾದರೂ ಬೇಡವೇ? ಇದೊಂದು ಸಲ ಇದ್ದುಬಿಡಲಿ, ಯಾರಿಗೆ ನಷ್ಟ ಎಂದು ಮನಸ್ಸು ಗೋಗರೆಯಿತು. ಮಗಳ ಬೆನ್ನ ಮೇಲೆ ಕೈಯಾಡಿಸುತ್ತ ಆಡಿಸುತ್ತ, ಈ ಅಪ್ಪುಗೆ ಕುಕ್ಕರಿನದು, ನನ್ನದಲ್ಲ ಎಂಬುದನ್ನು ಮರೆಯಲಾಗಲಿಲ್ಲ.

"ನೀಲವ್ವ, ನಾ ತರಸಿಲ್ಲ ಇದನ್ನ. ಗೇಟಿನ ಅಜ್ಜಿ ತರಸ್ಯಾರ."

"ನೀ ಅಲ್ಲೇನು?"

"ಅಲ್ಲ."

ಕೈಗಳು ಸಡಿಲವಾದವು. ನೀಲಾ ಒಂದು ಕ್ಷಣ ಅವ್ವನ ಮುಖ ನೋಡಿದಳು, ಆಮೇಲೆ ಗೇಟಿಗೆ ಓಡಿ ಅಶ್ವತ್ಥಮ್ಮನ ಮಡಿಲು ಹತ್ತಿದಳು.

"ಅಯ್ಯೋ ಮುಂಡೇದೆ, ಯಾಕಮ್ಮಿ ಯೋಳ್ದೆ?" ಎಂದು ಅಶ್ವತ್ಥಮ್ಮ ಅಲ್ಲಿಂದಲೇ ಕೂಗಿದರು. "ನಿನ್ನೆಸ್ರು ಬರ್ಲಿ ಅಂತಾನೇ ಅಲ್ವಾ ನಾನು ತರ್ಸಿದ್ದು! ಕೈಗೆ ಬಂದಿದ್ದ ಕೂಸ್ನ ಬುಟ್ಟಾಕ್ಬುಟ್ಟಲ್ಲೇ!"

ಮಹಾದೇವಿ ಒಳಗೆ ಹೋಗಿ ಗೋಡೆಗೆ ಒರಗಿ ಕೂತಳು. ಹರಕೆಯೂ ಬೇಡ, ಏನೂ ಬೇಡ, ನಾಳೆಯೇ ಹೋಗಿ ಆ ಹಳದಿ ಫ್ರಾಕು ತಂದುಬಿಡುತ್ತೇನೆ ಎಂದು ಅಂದುಕೊಂಡಳು. ಚೀಲದ ಹತ್ತಿರವಾದರೂ ಬರಲಿ, ಬಂದರೆ ಸಾಕು.

ಬಸಕ್ಕ ರೊಟ್ಟಿ ಬಡಿಯುತ್ತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ಒಲೆಯ ಕಡೆ ನೋಡುತ್ತಲೇ ಹೇಳಿದಳು.

"ಅಕಿ ಮ್ಯಾಲೆ ಸಿಟ್ಟು ಮಾಡಬ್ಯಾಡ ಮಾದೇವಿ. ತಪ್ಪು ನಂದೈತಿ."

"ನಿಮ್ಮದೇನೈತ್ರಿ ಅತ್ತಿ ಇದರಾಗ."

"ಸಂತ್ಯಾಗ ಪ್ಯಾರಲಹಣ್ಣು ತಂದ್ರೂ ನಿಮ್ಮವ್ವ ಕಳಿಸ್ಯಾಳ ಅಂತಿದ್ದೆ. ಚಪ್ಪಲಿ ಕೊಡಿಸಿದ್ರೂ ನಿಮ್ಮವ್ವ. ಬೆಲ್ಲದ ಉಂಡಿ ಮಾಡಿ ಕೊಟ್ರೂ ಬೆಂಗಳೂರಿಂದ ನಿಮ್ಮವ್ವ ಕಳಿಸ್ಯಾಳ ಅಂತನಽ ಕೊಡ್ತಿದ್ದೆ. ಎರಡು ವರ್ಷದ ಕೂಸು ಬಿಟ್ಟು ಹೋದಿ. ಅದು ನಿನ್ನ ಮರತ್ರ ನಾ ಏನು ಮಾಡ್ಲಿ? ನಿನ್ನ ಹೆಸರಾರ ಅದರ ಬಾಯಾಗ ಇರ್ಲಿ ಅಂತ ಮಾಡಿದೆ." ಬಸಕ್ಕ ಹಿಟ್ಟಿನ ಉಂಡೆಯನ್ನು ಕೆಳಗಿಟ್ಟಳು. "ಅವ್ವ ಅಂದ್ರ ಸಾಮಾನು ಕಳಸಾಕಿ ಅಂತ ಅದಕ್ಕ ಕಲಿಸಿದಾಕಿ ನಾನಽ."

ಮಹಾದೇವಿ ಅತ್ತೆಯನ್ನೇ ನೋಡಿದಳು. ಬೇಸಿಗೆಯ ಬಿಸಿಲಿನಲ್ಲಿ ಎರಡು ಮೈಲಿ ನಡೆದು ಸಂತೆಗೆ ಹೋಗುವ ಮುದುಕಿ, ತನ್ನ ಬೆವರಿನದನ್ನೆಲ್ಲ ಸೊಸೆಯ ಹೆಸರಿಗೆ ಬರೆದು ಕೊಟ್ಟಿದ್ದಳು. ಇವಳ ಮೇಲೆ ತಾನು ಏನೆಲ್ಲ ಯೋಚನೆ ಮಾಡಿದೆ! ಮಹಾದೇವಿ ಸರಿದು ಬಂದು ಆ ಹಿಟ್ಟಿನ ಕೈಯನ್ನು ಹಿಡಿದುಕೊಂಡು ಹಣೆಗೆ ಒತ್ತಿಕೊಂಡಳು. ಇಬ್ಬರೂ ಅತ್ತರು. ಹೆಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದಾಗಲೇ ಎಚ್ಚರ.

"ಇನ್ನ ಮ್ಯಾಲೆ ನಾ ಕೊಡಿಸಿದ್ದು ನಂದು ಅಂತಽ ಹೇಳ್ತೀನಿ," ಎಂದಳು ಬಸಕ್ಕ, ಮೂಗೊರೆಸಿಕೊಂಡು. "ನೀನೂ ಹರಕಿ ಮುರಿಬ್ಯಾಡ. ಅರ್ಧಕ್ಕ ಬಿಡೋದು ನಮ್ಮ ಮನ್ಯಾಗಿಲ್ಲ."

ಮಾರನೆಯ ದಿನದಿಂದ ಬಸಕ್ಕ ಒಂದು ಉಪಾಯ ಮಾಡಿದಳು. ಮಹಾದೇವಿ ಶಿಫ್ಟಿನಿಂದ ಬರುತ್ತಿದ್ದಂತೆ ಎಲೆ ಅಡಿಕೆಯ ಚೀಲ ಸಿಕ್ಕಿಸಿಕೊಂಡು ಗೇಟಿಗೆ ಹೋಗಿ ಅಶ್ವತ್ಥಮ್ಮನ ಪಕ್ಕ ಕೂತುಬಿಡುವಳು. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧ ತಿಳಿಯುತ್ತಿತ್ತು, ಆದರೂ ಎರಡು ತಾಸು ಬಾಯಿ ಮುಚ್ಚುತ್ತಿರಲಿಲ್ಲ. ರೂಮಿನಲ್ಲಿ ತಾಯಿ ಮಗಳಿಬ್ಬರೇ ಉಳಿಯುತ್ತಿದ್ದರು.

ಮೊದಲೆರಡು ದಿನ ನೀಲಾ ಬೆನ್ನು ಹಾಕಿ ಕೂತು ಪುಟ್ಟ ಒಲೆಯಲ್ಲಿ ಅಡುಗೆ ಮಾಡಿದಳು. ಮಹಾದೇವಿಯೂ ಕರೆಯಲಿಲ್ಲ, ಹತ್ತಿರವೇ ಕೂತು ಮೆಂತ್ಯದ ಸೊಪ್ಪು ಬಿಡಿಸಿದಳು. ಮೂರನೆಯ ದಿನ ನಾಲ್ಕು ತಟ್ಟೆಗೂ ಬಡಿಸಿಯಾದ ಮೇಲೆ ಉಣ್ಣುವವರಿಲ್ಲದೆ ಮಗುವಿಗೆ ಬೇಜಾರಾಯಿತು.

"ಯಾರರ ಉಣ್ಣಾಕ ಬರ್ರಿ," ಎಂದಳು, ಗೋಡೆಗೆ.

ಮಹಾದೇವಿ ಎದ್ದು ಹೋಗಿ ಬಾಗಿಲಾಚೆ ನಿಂತು, "ಮನ್ಯಾಗ ಯಾರದೀರ್ರಿ? ಬೀಗರು ಬಂದೀವಿ," ಎಂದಳು.

ನೀಲಾ ಅನುಮಾನದಿಂದ ನೋಡಿ, "ಕಾಲು ತೊಳಕೊಂಡು ಬರ್ರಿ," ಎಂದಳು.

ಬೀಗರು ಕೂತು ಇಲ್ಲದ ರೊಟ್ಟಿ ಮುರಿದು, ಇಲ್ಲದ ಪಲ್ಯ ಹಚ್ಚಿ ಬಾಯಿಗಿಟ್ಟು, ಮುಖ ಕಿವುಚಿದರು. "ಅಬಾಬಾ, ಉಪ್ಪು! ಬೀಗತಿ, ಉಪ್ಪಿನ ಡಬ್ಬಿನಽ ಸುರುವೀರೇನು?" ನೀಲಾ ಕಿಸಕ್ಕನೆ ನಕ್ಕಳು. ಇನ್ನೊಂದು ತಟ್ಟೆಗೆ ಬಡಿಸಿದಳು. ಅದಕ್ಕೆ ಖಾರ ಹೆಚ್ಚಾಯಿತು, ಬೀಗರು ನೆಲಕ್ಕೆ ಬಿದ್ದು ಹೊರಳಾಡಿದರು. ಅವತ್ತು ಮನೆಯ ನಿಜವಾದ ಅಡುಗೆ ತಡವಾಯಿತು.

ಹಾಗಂತ ಎಲ್ಲ ಸರಿಯಾಯಿತು ಎಂದಲ್ಲ. ನಕ್ಕರೂ ಮಗು ತಾನಾಗಿ ಬಂದು ಮುಟ್ಟುತ್ತಿರಲಿಲ್ಲ. ಬಸ್ ಸ್ಟಾಪಿನವರೆಗೆ ವಾಕಿಂಗ್ ಕರೆದೊಯ್ದರೆ ರಸ್ತೆ ದಾಟುವಷ್ಟು ಹೊತ್ತು ಅವ್ವನ ಬೆರಳು ಹಿಡಿಯುತ್ತಿತ್ತು, ದಾಟಿದ ಕೂಡಲೇ ಬಿಡುತ್ತಿತ್ತು. ಮಹಾದೇವಿ ಅಷ್ಟಕ್ಕೇ ದಿನಾ ಬೇಡದಿದ್ದರೂ ಎರಡೆರಡು ಸಲ ರಸ್ತೆ ದಾಟಿಸುತ್ತಿದ್ದಳು. ತಲೆ ಬಾಚಲು ಬಿಟ್ಟುಕೊಂಡ ದಿನ, ನಿಂತ ಮಗಳ ನೆತ್ತಿ ಈಗ ತನ್ನ ಸೊಂಟಕ್ಕಿಂತ ಒಂದು ಗೇಣು ಮೇಲಿದೆ ಎಂದು ಮೊದಲ ಸಲ ನೋಡಿ ತಿಳಿದುಕೊಂಡಳು.

ಮೇ ಏಳು ಬಂತು, ಸಂಬಳದ ದಿನ. ಬಸವ ಜಯಂತಿಗೆ ಮೂರೇ ದಿನ ಉಳಿದಿತ್ತು, ಅದು ಮುಗಿದ ಮಾರನೆಯ ದಿನವೇ ಬಸಕ್ಕ, ನೀಲಾ ಊರಿಗೆ ಹೊರಡುವವರಿದ್ದರು. ಕಂಪನಿ ಗೇಟಿನಲ್ಲಿ ಸಂತೆ ನೆರೆದಿತ್ತು. ಮಾರಕ್ಕ ಎರಡು ಕೈಯಲ್ಲೂ ಚೀಲ ತೂಗಿಸಿಕೊಂಡು, "ಮಗೀಗೊಂದು ಬಿಸ್ಕತ್ ಪ್ಯಾಕಾದ್ರೂ ತಗಳ್ಳೇ, ದೇವ್ರು ಲೆಕ್ಕ ಇಡಲ್ಲ," ಎಂದಳು. ಮಹಾದೇವಿ ಬಿಸ್ಕತ್ತಿನ ಗಾಡಿಯ ಮುಂದೆ ನಿಂತೇ ನಿಂತಳು. ಇಷ್ಟು ದಿನವಾಯಿತು, ಇನ್ನು ಮೂರು ದಿನದಲ್ಲಿ ಹೋಗಿಬಿಡುತ್ತಾಳೆ, ಕೊನೆಗೂ ಬರಲಿಲ್ಲವಲ್ಲ ಎಂದುಕೊಂಡಳು. ಆಮೇಲೆ ಬಸ್ಸಿನ ಕಡೆ ನಡೆದಳು.

ವಠಾರದ ತಿರುವಿನಲ್ಲಿ ಬಸ್ಸು ನಿಂತಾಗ ನೋಡಿದರೆ, ಅಶ್ವತ್ಥಮ್ಮ, ಬಸಕ್ಕ ಇಬ್ಬರ ನಡುವೆ ನೀಲಾ ನಿಂತಿದ್ದಳು. ಅವ್ವ ಇಳಿಯುವ ಹೊತ್ತಿಗೆ ಕಾಯಲು ಹಿಂದೆಂದೂ ಬಂದವಳಲ್ಲ. ಮಹಾದೇವಿಗಿಂತ ಮೊದಲು ಐದಾರು ಹೆಂಗಸರು ಇಳಿದರು. ಎಲ್ಲರ ಕೈಯಲ್ಲೂ ಚೀಲ. ಬೊಂಬೆ ಇಣುಕುವ ಚೀಲ, ಬಣ್ಣದ ಚೆಂಡಿನ ಚೀಲ. ಕಾಯುತ್ತಿದ್ದ ಮಕ್ಕಳು ಚೀಲಗಳಿಗೆ ಮುತ್ತಿಕೊಂಡವು. ಕೊನೆಗೆ ಮಹಾದೇವಿ ಇಳಿದಳು, ಊಟದ ಡಬ್ಬಿಯ ಬ್ಯಾಗು ಹೆಗಲಿಗೆ ಹಾಕಿಕೊಂಡು.

ನೀಲಾ ಎದುರು ಬಂದು ನಿಂತಳು. ಅವಳ ಕಣ್ಣು ನೇರ ಅವ್ವನ ಕೈಗೇ ಹೋಯಿತು. ಬಲಗೈ ನೋಡಿದಳು, ಸುತ್ತು ಬಂದು ಎಡಗೈ ನೋಡಿದಳು.

ಮಹಾದೇವಿ ಎರಡೂ ಅಂಗೈ ಬಿಚ್ಚಿ ಮುಂದೆ ಹಿಡಿದು, "ಇವತ್ತೂ ಏನೂ ತಂದಿಲ್ಲವ್ವ," ಎಂದಳು. ದನಿ ಸಣ್ಣದಾಗಿತ್ತು.

"ಎರಡೂ ಖಾಲಿ ಅದಾವು?"

"ಹೂಂನವ್ವ, ಎರಡೂ ಖಾಲಿ."

"ಹಂಗಾರ ಎತಿಗೋ," ಎಂದು ನೀಲಾ ತೋಳು ಮೇಲೆತ್ತಿದಳು.

ಮಹಾದೇವಿ ಕೇಳಿದ್ದನ್ನು ನಂಬದೆ ನಿಂತಳು. "ಏಯ್, ಎತ್ಕೊಳ್ಳೇ, ಮಗಾ ಕಾಯ್ತಾ ಐತೆ!" ಎಂದು ಅಶ್ವತ್ಥಮ್ಮ ಗದರಿದ ಮೇಲೆ ಬಗ್ಗಿದಳು. ಎರಡೂ ಕೈಯಿಂದ ಬಾಚಿ ಎತ್ತಿಕೊಂಡಳು. ಆರು ವರ್ಷದ ಮಗಳು ಭಾರವಾಗಿದ್ದಳು, ಅವಳ ಕಾಲು ತಾಯಿಯ ಮೊಳಕಾಲಿನ ತನಕ ಇಳಿಬಿದ್ದವು. ಊರಿನ ಬಸ್ ಸ್ಟ್ಯಾಂಡಿನಿಂದ ಮನೆಯ ತನಕ ಇವಳನ್ನು ಎತ್ತಿಕೊಂಡು ನಡೆದದ್ದು ಒಂದು ಸಲವೂ ಇಲ್ಲ, ಕೈ ಬಿಡುವಿದ್ದರೆ ತಾನೇ. ಬಸಕ್ಕ ಸೆರಗಿನ ಚುಂಗಿನಿಂದ ಕಣ್ಣೊರೆಸಿಕೊಂಡು ಬೇರೆ ಕಡೆ ನೋಡಿದಳು.

ತಿರುವಿನಿಂದ ವಠಾರ ಎಷ್ಟು ದೂರ? ಇನ್ನೂರು ಹೆಜ್ಜೆ. ಅರ್ಧ ದಾರಿಗೇ ಮಹಾದೇವಿಗೆ ಏದುಸಿರು ಬಂತು, ಎಂಟು ಗಂಟೆ ನಿಂತ ಕಾಲು ಬೇರೆ. ಇಳಿಸಲಿಲ್ಲ. ನೀಲಾ ಅವ್ವನ ಹೆಗಲ ಮೇಲೆ ಗಲ್ಲವಿಟ್ಟು, ಕಾಲು ಆಡಿಸುತ್ತ ಸ್ವಲ್ಪ ಹೊತ್ತು ಹಿಂದಿನ ರಸ್ತೆ ನೋಡಿದಳು. ಆಮೇಲೆ ಕಿವಿಗೆ ಬಾಯಿ ಹತ್ತಿರ ತಂದು ಹೇಳಿದಳು:

"ಯವ್ವಾ, ನಾಳಿಗೂ ಏನೂ ತರಬ್ಯಾಡ."

"ಇಲ್ಲವ್ವ," ಎಂದಳು ಮಹಾದೇವಿ, "ತರಂಗಿಲ್ಲ."